ಸ್ವಾಧೀನ ಎಂಬ ಮಾತು

ಅಥವಾ ಆ ಬೆಳಿಗ್ಗೆ ಆ ಖಾಲಿ ಜಾಗವನ್ನು ನಾವು ಸುತ್ತಿದ್ದು ಆರೇ ಸುತ್ತಿರಬೇಕು. ಅಮ್ಮ ಏಳು ಎನ್ನುತ್ತಾಳೆ. ಅಮ್ಮ ಏಳು ಎನ್ನುವುದು ಏಳೇ ಆಗಬೇಕಿತ್ತು ಎಂಬ ಕಾರಣಕ್ಕೆ, ಎಣಿಸಿದ್ದಳು ಎಂಬುದಕ್ಕಲ್ಲ. ನನ್ನ ನೆನಪಿನಲ್ಲಿ ಐದನೆಯದು ಮುಗಿಯುವಾಗ ನಮ್ಮ ಚರ್ಚಿನ ಶಾಂತಮ್ಮನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಆಕೆ ಪಿನ್ನು ಚುಚ್ಚಿ ಅದನ್ನು ಸರಿಮಾಡಿಕೊಳ್ಳುವವರೆಗೆ ಎಲ್ಲರೂ ಮೋರಿಯ ಪಕ್ಕ ನಿಂತೆವು. ಮತ್ತೆ ಹೊರಟಾಗ ಯಾರೋ ‘ಕೊನೇದು’ ಅಂದರು. ಹಾಗಾದರೆ ಆರು. ಆದರೆ ಶಾಂತಮ್ಮನನ್ನೇ ಕೇಳಿದರೆ ಆ ದಿನ ತಾನು ಮಗನ ಬೂಟು ಹಾಕಿಕೊಂಡು ಬಂದಿದ್ದೆ ಎನ್ನುತ್ತಾಳೆ. ಒಂದು ಚಪ್ಪಲಿಯ ಮೇಲೆ ನಿಂತಿರುವ ನೆನಪು ನನ್ನದು. ನೀವು ನಂಬಲೇಬೇಕೆಂದು ನಾನು ಒತ್ತಾಯಿಸುವುದಿಲ್ಲ.

ಇದೆಲ್ಲ ಮರಳಿ ನೆನಪಿಗೆ ಬರುವುದು ಪಾರ್ಕಿನಲ್ಲಿ. ಡಾಕ್ಟರು ಸಕ್ಕರೆ ಕಾಯಿಲೆಗೆ ನಡಿಗೆ ಹೇಳಿದ ಮೇಲೆ ಬಸವೇಶ್ವರನಗರದ ನಮ್ಮ ಮನೆಯೆದುರಿನ ಪಾರ್ಕಿನಲ್ಲಿ ದಿನವೂ ಸುತ್ತುತ್ತೇನೆ. ಆರು ಸುತ್ತಾದ ಕೂಡಲೇ ಕಲ್ಲುಬೆಂಚಿನ ಮೇಲೆ ಕೂತುಬಿಡುತ್ತೇನೆ. ಅದೇ ಹೊತ್ತಿಗೆ ನಡೆಯಲು ಬರುವ ನಿವೃತ್ತ ಮೇಷ್ಟ್ರೊಬ್ಬರಿಗೆ ಇದು ತಮಾಷೆ. ‘ಏನಮ್ಮಾ, ದಿನಾ ಆರಕ್ಕೇ ಪೆಟ್ರೋಲ್ ಮುಗಿಯುತ್ತಲ್ಲ ನಿಮ್ಗೆ? ಇನ್ನೊಂದು ಹಾಕ್ಬಿಡಿ, ದಿನಕ್ಕೊಂದರಂತೆ ವಾರದ ಲೆಕ್ಕ ಆಗುತ್ತೆ’ ಎನ್ನುತ್ತಾರೆ. ‘ಮಂಡಿ ಸಾರ್, ಮಂಡಿ’ ಎನ್ನುತ್ತೇನೆ. ನನ್ನ ಮಂಡಿಗೆ ಏನೂ ಆಗಿಲ್ಲ. ಏಳನೆಯದು ಮುಗಿದರೆ ಎಲ್ಲೋ ಯಾರದೋ ಏನೋ ಬೀಳುತ್ತದೆ ಎಂದು ನನಗೆ ಹೆದರಿಕೆ, ಅಷ್ಟೆ. ಐವತ್ತಕ್ಕೆ ಹತ್ತಿರದ, ದಿನವಿಡೀ ಕಂಪ್ಯೂಟರಿನ ಮುಂದೆ ಕ್ರಯಪತ್ರ ಟೈಪ್ ಮಾಡಿ ಬದುಕುವ ಹೆಂಗಸೊಬ್ಬಳು ಹೀಗೆ ಹೆದರುತ್ತಾಳೆಂದರೆ ಮೇಷ್ಟ್ರು ನಗುತ್ತಾರೆ. ಅದಕ್ಕೇ ಮಂಡಿ.

ಬೇರು ಹುಡುಕಹೊರಟರೆ ರಾಜಾಜಿನಗರದ ಒಂದು ಪುಟ್ಟ ಚರ್ಚಿನ ಹಿಂದಿನ ಕೋಣೆಗೆ ಹೋಗಬೇಕು. ಭಾನುವಾರ ಅಲ್ಲಿ ಮಕ್ಕಳ ತರಗತಿ. ಕೂತರೆ ತಣ್ಣಗೆ ಕೊರೆಯುವ ಕಬ್ಬಿಣದ ಮಡಚು ಕುರ್ಚಿಗಳು, ಒಬ್ಬರು ಮುಗಿಸುವುದನ್ನು ಇನ್ನೊಬ್ಬರು ಕಾಯಬೇಕಾದ ಬಣ್ಣದ ಕಡ್ಡಿಗಳು. ಒಂದು ವಾರ ಯೆರಿಕೋ ಪಟ್ಟಣದ ಚಿತ್ರ ಕೊಟ್ಟರು. ದೇವರ ಜನ ದಿನಕ್ಕೊಂದು ಸುತ್ತಿನಂತೆ ಆರು ದಿನ ಕೋಟೆಯನ್ನು ಸುತ್ತಿದರು, ಏಳನೆಯ ದಿನ ಏಳು ಸುತ್ತು ಸುತ್ತಿ ಆರ್ಭಟಿಸಿದರು, ಗೋಡೆ ಬಿತ್ತು, ನೆಲ ಅವರದಾಯಿತು. ಚಿತ್ರದಲ್ಲಿ ಗೋಡೆಗೊಂದು ಕಿಟಕಿಯಿತ್ತು, ಕಿಟಕಿಯಲ್ಲೊಂದು ಮುಖ.

‘ಟೀಚರ್, ಒಳಗಡೆ ಇದ್ದೋರು ಏನ್ಮಾಡ್ತಿದ್ರು?’

‘ಒಳಗಡೆ ಇದ್ದೋರು ಕೆಟ್ಟೋರು. ನೀನು ಗೋಡೆಗೆ ಕಂದು ಹಚ್ಚು.’

ಮುಖ ಬಿಟ್ಟು ಮಿಕ್ಕದ್ದಕ್ಕೆಲ್ಲ ಕಂದು ಹಚ್ಚಿದೆ. ಇದನ್ನು ನಾನು ಆಮೇಲೆ ಕಟ್ಟಿಕೊಂಡಿರಲೂಬಹುದು. ಆರು ವರ್ಷದ ಮಗು ಇಷ್ಟು ಹದವಾದ ಪ್ರಶ್ನೆ ಕೇಳಿತ್ತೆಂದರೆ ನನಗೇ ಅನುಮಾನ. ಬಹುಶಃ ನಾನು ಕೇಳಿದ್ದು ‘ಟೀಚರ್, ಒಂದಕ್ಕೆ’ ಎಂದಷ್ಟೇ ಇರಬೇಕು.

ಚರ್ಚಿನಲ್ಲಿ ನನಗೊಂದು ಕೆಲಸ ಸಿಕ್ಕಿದ್ದು ಹದಿನಾಲ್ಕನೆಯ ವಯಸ್ಸಿಗೆ. ಹೊರಗಿನಿಂದ ಬಂದ ಬೋಧಕರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಕೂಗುವುದು. ಹೇಳುವುದಲ್ಲ, ಕೂಗುವುದು, ಬೋಧಕರು ಎಷ್ಟು ಗಟ್ಟಿಯಾಗಿ ಹೇಳುತ್ತಾರೋ ಅಷ್ಟೇ ಗಟ್ಟಿಯಾಗಿ. ಅವರು ಕೈಯೆತ್ತಿದರೆ ನಾನೂ ಎತ್ತಬೇಕು, ಅವರು ಗದ್ಗದಿತರಾದರೆ ನಾನೂ ಆಗಬೇಕು. ಮೊದಲ ದಿನವೇ ಒಬ್ಬ ಬೋಧಕರು ತಮ್ಮ ಹೃದಯ ದೇವರಿಗಾಗಿ ಹೊತ್ತಿ ಉರಿಯುತ್ತಿದೆ ಎಂದರು. ನಾನು ‘ನನಗೆ ಎದೆ ಉರೀತಾ ಇದೆ’ ಎಂದು ಸಾರಿದೆ. ಆರಾಧನೆ ಮುಗಿದ ಮೇಲೆ ಮೂವರು ಆಂಟಿಯರು ಅವರಿಗೆ ಜೀರಿಗೆ ನೀರು ತಂದುಕೊಟ್ಟರು.

ಆಮೇಲೆ ಹೊಟ್ಟೆಪಾಡಿಗೆ ನೋಂದಣಿ ಕಚೇರಿಯ ಎದುರಿನ ಪತ್ರ ಬರಹಗಾರರ ಅಂಗಡಿ ಸೇರಿದೆ. ನಿಮಗೆ ಮನೆ ಮಾರುವ, ಕೊಳ್ಳುವ ಯೋಗ ಬಂದಿದ್ದರೆ ಆ ಕನ್ನಡ ಗೊತ್ತಿರುತ್ತದೆ: ಸದರಿ ಸ್ವತ್ತು, ತಂಟೆ ತಕರಾರು, ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿ. ಹತ್ತಾರು ವರ್ಷ ಅದನ್ನೇ ಕುಟ್ಟಿದ ಬೆರಳು, ಅದನ್ನೇ ಉಣ್ಣುವ ನಾಲಿಗೆ. ಒಮ್ಮೆ ಪ್ರಾರ್ಥನೆಯ ನಡುವೆ ‘ಸದರಿ ಪಾಪಿಗಳನ್ನು ಕ್ಷಮಿಸು ತಂದೆಯೇ’ ಅಂದುಬಿಟ್ಟಿದ್ದೆ. ಪಾಸ್ಟರು ಒಂದೇ ಕಣ್ಣು ತೆರೆದು ನನ್ನತ್ತ ನೋಡಿ ಮತ್ತೆ ಮುಚ್ಚಿಕೊಂಡರು. ನಕ್ಕರೆಂದು ಅಮ್ಮ, ಇಲ್ಲವೆಂದು ನಾನು.

ಆಗ ನಾವಿದ್ದದ್ದು ಲಗ್ಗೆರೆಯಲ್ಲಿ, ಪುಟ್ಟತಾಯಮ್ಮನ ಮನೆಯ ಮೇಲಿನ ಪೋರ್ಷನ್ನಿನಲ್ಲಿ. ಪುಟ್ಟತಾಯಮ್ಮನಿಗೆ ಎಂಬತ್ತರ ಆಚೀಚೆ. ಹಳೆಯ ಊರಿನ ಒಕ್ಕಲು ಮನೆತನ. ಬಡಾವಣೆ ಆಗುವಾಗ ಅವರ ಹೊಲ ಹೋಗಿ ಉಳಿದದ್ದು ಈ ಮನೆ ಮತ್ತು ಮನೆಯ ಪಕ್ಕದ ಖಾಲಿ ಜಾಗ. ಆಕೆ ಅದನ್ನು ಸೈಟು ಎನ್ನುತ್ತಿರಲಿಲ್ಲ, ಹೊಲ ಎನ್ನುತ್ತಿದ್ದಳು. ಅರ್ಧ ಗುಂಟೆಯ ಹೊಲ. ಅದರಲ್ಲಿ ನಾಲ್ಕು ಸಾಲು ಅವರೆ, ಮೂಲೆಗೊಂದು ನುಗ್ಗೆಮರ, ಸೊಂಟದೆತ್ತರದ ಹಾಲೋಬ್ಲಾಕ್ ಗೋಡೆ. ಹನ್ನೊಂದು ವರ್ಷ ಆ ಅವರೆಕಾಯಿಯ ಹುಳಿಯನ್ನು ನಾವು ಉಂಡಿದ್ದೇವೆ. ಡಿಸೆಂಬರಿನಲ್ಲಿ ಆಕೆ ಕಾಯಿ ಕಳಿಸಿದರೆ ಅಮ್ಮ ಕ್ರಿಸ್‌ಮಸ್ಸಿನ ಕಜ್ಜಾಯ ಕಳಿಸುತ್ತಿದ್ದಳು. ನಮ್ಮ ದೇವರ ವಿಷಯ ಆಕೆ ಎಂದೂ ಕೇಳಿದವಳಲ್ಲ. ಆಕೆಯ ಮೊಮ್ಮಗ ಲೋಕೇಶ ಬಡಾವಣೆಯ ಹುಡುಗರ ಸಂಘದಲ್ಲಿದ್ದ. ಅವನೂ ಕೇಳಿರಲಿಲ್ಲ, ಆದರೆ ಅವನು ಕೇಳದೆ ಇದ್ದುದು ಬೇರೆ ಥರ. ನಾವು ಆ ಜಾಗ ಸುತ್ತುವುದಕ್ಕೂ ಸ್ವಲ್ಪ ಮೊದಲು ಎರಡು ಬೀದಿ ಆಚೆ, ಒಂದು ಮನೆಯಲ್ಲಿ ಪ್ರಾರ್ಥನೆ ನಡೆಯುವಾಗ ಗುಂಪೊಂದು ಬಂದು ಬಾಗಿಲು ಬಡಿದಿತ್ತು. ಆ ಕುಟುಂಬ ವಾರದೊಳಗೆ ಮನೆ ಖಾಲಿ ಮಾಡಿತು. ಗುಂಪಿನಲ್ಲಿ ಲೋಕೇಶನಿದ್ದ ಎಂದು ಶಾಂತಮ್ಮ ಹೇಳಿದ್ದಳು. ಬೂಟಿನ ವಿಷಯ ಹೇಳಿದವಳೂ ಇದೇ ಶಾಂತಮ್ಮ ಎಂಬುದನ್ನು ಮರೆಯಬೇಡಿ. ಆದರೆ ಹೆದರಿಕೆಗೆ ಸಾಕ್ಷಿ ಬೇಕಾಗುವುದಿಲ್ಲ. ಅಂದಿನಿಂದ ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿದರೆ ನಾನು ಟಿವಿಯ ಸದ್ದು ಜಾಸ್ತಿ ಮಾಡುತ್ತಿದ್ದೆ.

ಚಳಿ ಶುರುವಾದಾಗ ಪ್ರವಾದಿ ಬಂದರು. ಕೊಯಮತ್ತೂರಿನ ಕಡೆಯವರು, ಬಿಳಿ ಅಂಗಿ, ತುಂಬ ಮೆತ್ತಗಿನ ಮನುಷ್ಯ. ವೆಲ್ಡಿಂಗ್ ಅಂಗಡಿಯ ಮೇಲಿನ ನಮ್ಮ ಪ್ರಾರ್ಥನಾ ಹಾಲಿನಲ್ಲಿ ಅವರು ಕಣ್ಣು ಮುಚ್ಚಿ ಒಂದು ದರ್ಶನ ಹೇಳಿದರು: ಪಶ್ಚಿಮ ಬೆಂಗಳೂರಿಗೆ ಉಜ್ಜೀವನ ಬರುತ್ತಿದೆ, ಜನ ಗುಂಪುಗುಂಪಾಗಿ ದೇವರ ಕಡೆ ತಿರುಗುವ ಕಾಲ, ಬೆಂಕಿಯ ಹಾಗೆ ಹಬ್ಬುತ್ತದೆ, ಪೀಣ್ಯದ ಶೆಡ್ಡುಗಳಿಂದ ಕೆಂಗೇರಿಯವರೆಗೆ, ಅದು ಮೊದಲು ಹೊತ್ತಿಕೊಳ್ಳುವುದು ಒಂದು ಖಾಲಿ ಜಾಗದಲ್ಲಿ, ಮೂಲೆಯಲ್ಲಿ ನುಗ್ಗೆಮರವಿರುವ ಜಾಗ. ನಾನು ಅದನ್ನು ಕನ್ನಡಿಸಿ ಮುಗಿಸುವುದರೊಳಗೆ ಅಮ್ಮ ಎದ್ದು ನಿಂತಿದ್ದಳು. ‘ನಮ್ಮ ಅಜ್ಜಿ ಹೊಲ! ನಮ್ಮ ಅಜ್ಜಿ ಹೊಲದಲ್ಲೇ ಇರೋದು ನುಗ್ಗೆಮರ!’ ಲಗ್ಗೆರೆಯಲ್ಲಿ ಮೂರು ಮನೆಗೊಂದು ನುಗ್ಗೆಮರ ಇದೆ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅಮ್ಮ ಅಳುತ್ತಿದ್ದಳು. ಅಳುವ ಅಮ್ಮನ ಮುಂದೆ ಮರದ ಲೆಕ್ಕ ಹೇಳುವುದು ಹೇಗೆ?

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಯಾರಿಗೂ ಆ ಜಾಗ ಬೇಕಿರಲಿಲ್ಲ. ಪಾಸ್ಟರು ಸ್ಪಷ್ಟವಾಗಿಯೇ ಹೇಳಿದ್ದರು: ‘ಪೇಪರ್ ಮೇಲೆ ಅಲ್ಲ ಸಿಸ್ಟರ್, ಆತ್ಮದಲ್ಲಿ.’ ನೆಲವನ್ನು ಹಿಡಿದಿರುವ ಕಾಣದ ಕೇಡಿನ ಕೈಯಿಂದ ಬಿಡಿಸಿ ದೇವರಿಗೆ ಒಪ್ಪಿಸುವುದು, ಅಷ್ಟೆ. ಅದರಿಂದ ಪುಟ್ಟತಾಯಮ್ಮನ ಮನೆಗೂ ಒಳಿತಾಗುತ್ತದೆ ಎಂದು ಅಮ್ಮ ನಿಜವಾಗಿ ನಂಬಿದ್ದಳು. ನಾನೂ ನಂಬಿದ್ದೆ. ಈಗಲೂ ಅರ್ಧ ನಂಬುತ್ತೇನೆ, ಇಲ್ಲದಿದ್ದರೆ ಪಾರ್ಕಿನಲ್ಲಿ ಯಾಕೆ ಹೆದರಲಿ?

ನಾಲ್ಕು ಮೂಲೆಗೆ ನಾಲ್ಕು ಮರದ ಗೂಟ ಬೇಕಾಯಿತು. ಗೇಣುದ್ದದವು. ಒಂದೊಂದರ ಮೇಲೂ ದೇವರ ವಾಕ್ಯ ಬರೆಯಬೇಕು, ಆಲಿವ್ ಎಣ್ಣೆ ಹಚ್ಚಬೇಕು. ಗೂಟ ಸಣ್ಣದು, ವಾಕ್ಯ ಉದ್ದ. ಹಾಗಾಗಿ ಅಧ್ಯಾಯ, ವಚನದ ಅಂಕಿಗಳನ್ನಷ್ಟೇ ಮಾರ್ಕರಿನಲ್ಲಿ ಬರೆದೆ. ಅಕ್ಷರ ಚೆನ್ನಾಗಿದೆಯೆಂದು ಆ ಕೆಲಸವೂ ನನಗೇ ಬಂತು. ಆಲಿವ್ ಎಣ್ಣೆ ಮೆಡಿಕಲ್ ಸ್ಟೋರಿನಲ್ಲಿ ಮಕ್ಕಳಿಗೆ ತಿಕ್ಕುವ ಪುಟ್ಟ ಬಾಟಲಿಯಲ್ಲಿ ಸಿಕ್ಕಿತು. ಮೂರು ಗೂಟಕ್ಕೆ ಸಾಲಿತು. ನಾಲ್ಕನೆಯದಕ್ಕೆ ಅಮ್ಮ ಮನೆಯ ಕೊಬ್ಬರಿ ಎಣ್ಣೆ ಹಚ್ಚಿ, ‘ದೇವರಿಗೆ ಗೊತ್ತಾಗುತ್ತೆ ಬಿಡೇ’ ಎಂದಳು.

ಆರು ದಿನ ಬೆಳಿಗ್ಗೆ ಆರಕ್ಕೆ ಎಂಟು ಜನ, ಸೀರೆಯ ಮೇಲೆ ಸ್ವೆಟರು, ತಲೆಗೆ ಮಂಕಿ ಕ್ಯಾಪು, ವಾಕಿಂಗ್ ಹೊರಟವರಂತೆ ಒಂದು ಸುತ್ತು ಹಾಕಿ ಬಂದೆವು. ಆ ಜಾಗವನ್ನು ಸುತ್ತಬೇಕೆಂದರೆ ಪುಟ್ಟತಾಯಮ್ಮನ ಮನೆಯನ್ನೂ ಸೇರಿಸಿ ಸುತ್ತಬೇಕು. ಮನೆಯ ಹಿಂಬದಿ ಓಣಿಯಲ್ಲಿ ಲೋಕೇಶನ ಕೋಣೆಯ ಕಿಟಕಿ. ಅಲ್ಲಿಗೆ ಬಂದಾಗ ಎಂಟು ಜನವೂ ಉಸಿರು ಬಿಗಿಹಿಡಿಯುತ್ತಿದ್ದೆವು. ಗೂಟಗಳನ್ನು ಮೊದಲ ದಿನವೇ ಕಲ್ಲಿನಿಂದ ಬಡಿದಾಗಿತ್ತು. ಏಳನೆಯ ದಿನ ಏಳು ಸುತ್ತು, ಅಥವಾ ಆರು, ಆದ ಮೇಲೆ ಆರ್ಭಟ ಹೇಗೆ ಎಂಬುದೇ ದೊಡ್ಡ ಸಮಸ್ಯೆ. ‘ಮೆಲ್ಲಗೆ ಆರ್ಭಟಿಸೋಣ’ ಎಂದು ಪಾಸ್ಟರು ತೀರ್ಮಾನಿಸಿದರು. ಅಂತೆಯೇ ಎಲ್ಲರೂ ‘ಸ್ತೋತ್ರ, ಸ್ತೋತ್ರ’ ಎಂದು ಪಿಸುಗುಟ್ಟಿ ಆರ್ಭಟಿಸಿದರು.

ಪ್ರವಾದಿ ಮಾತ್ರ ಪಿಸುಗುಟ್ಟಲಿಲ್ಲ. ಅವರಿಗೆ ಆವೇಶ ಬಂದಿತ್ತು. ಕೈಯೆತ್ತಿ ಇಂಗ್ಲಿಷಿನಲ್ಲಿ ಘೋಷಿಸತೊಡಗಿದರು. ಅವರು ಹೇಳಿದ್ದು ಅಂಧಕಾರದ ಶಕ್ತಿಗಳು ಈ ನೆಲದ ಮೇಲೆ ಇಟ್ಟುಕೊಂಡ ಹಿಡಿತ ಮುರಿಯಿತು ಎಂಬರ್ಥದ ಮಾತು. ನಾನು ಪಕ್ಕದಲ್ಲಿದ್ದೆ. ಅವರ ಕೈ ಮೇಲೆ ಹೋಯಿತು, ನನ್ನ ಕೈ ಮೇಲೆ ಹೋಯಿತು. ಹದಿನಾಲ್ಕನೆಯ ವಯಸ್ಸಿನಿಂದ ಕೂಗಿದ ಗಂಟಲು ತಾನಾಗಿ ತೆರೆಯಿತು.

‘ಈ ಭೂಮಿಯನ್ನು ಇಂದು ಸ್ವಾಧೀನಪಡಿಸಿಕೊಂಡಿದ್ದೇವೆ! ಇದರ ಮೇಲಿನ ಹಳೆಯ ಹಕ್ಕುಗಳೆಲ್ಲ ರದ್ದಾಗಿವೆ! ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ, ನಾಲ್ಕೂ ಚಕ್ಕುಬಂದಿ ಇಂದಿನಿಂದ ಹೊಸ ಒಡೆಯನದು!’

ಅಂಧಕಾರದ ಶಕ್ತಿಗಳು ನನ್ನ ಕನ್ನಡದಲ್ಲಿ ಎಲ್ಲಿ ಬಿದ್ದುಹೋದವೋ. ಹೇಳಿದ್ದೆ, ಮೆಲ್ಲಗೆ ಹೇಳಿದ್ದೆ ಎಂದು ಒಮ್ಮೊಮ್ಮೆ ಅನಿಸುತ್ತದೆ. ‘ಸ್ವಾಧೀನ’ ಎನ್ನುವ ಬದಲು ‘ವಶ’ ಎಂದಿದ್ದೆನೇನೋ ಎಂದೂ ಅನಿಸುತ್ತದೆ. ಆದರೆ ಗೋಡೆಯ ಆಚೆ ಅವರೆಗಿಡಗಳ ನಡುವೆ ನಮಗೆ ಕಾಣದಂತೆ ಬಗ್ಗಿ ಕಳೆ ಕೀಳುತ್ತಿದ್ದ ಪುಟ್ಟತಾಯಮ್ಮನಿಗೆ ಕೇಳಿಸಿದ್ದು ಸ್ವಾಧೀನವೇ. ಪ್ರಾರ್ಥನೆಯ ಮನೆಯಲ್ಲಿ ಅದು ವಾಗ್ದಾನದ ಮಾತು, ಕೇಳಿದರೆ ಕಣ್ಣು ತುಂಬುತ್ತದೆ. ಲಗ್ಗೆರೆಯ ಹಳಬರಿಗೆ ಅದೇ ಮಾತು ಸರ್ಕಾರದ ಖಾಕಿ ಲಕೋಟೆಯಲ್ಲಿ ಬರುವಂಥದ್ದು.

ಸಂಜೆ ಆಕೆ ಮೆಟ್ಟಿಲು ಹತ್ತಿ ಬಂದಳು. ಹನ್ನೊಂದು ವರ್ಷದಲ್ಲಿ ಆಕೆ ಮೇಲೆ ಬಂದದ್ದು ಅದೇ ಮೊದಲು. ಒಂದು ಕೈಯಲ್ಲಿ ಹಳೆಯ ಕಾಗದಗಳ ಪ್ಲಾಸ್ಟಿಕ್ ಚೀಲ. ಇನ್ನೊಂದು ಕೈಯಿಂದ ಸೆರಗಿನಡಿಯ ಗೂಟ ತೆಗೆದು ನನ್ನ ಮುಂದಿಟ್ಟಳು.

‘ಪ್ರೇಮವ್ವ, ನೀನು ಪತ್ರ ಬರಿಯೋಳು, ನೋಡು. ಸ್ವಾಧೀನದೋರು ಬಂದವ್ರೆ. ನಂಬರ್ ಬರ್ದು ಗೂಟ ಹೊಡ್ದವ್ರೆ. ನಮ್ದು ನಲವತ್ತೊಂದು ಕಣವ್ವ, ಇವ್ರು ಒಂದು ಬಾರ್ ಮೂರು ಅಂತ ಮಾಡವ್ರೆ. ಸರ್ವೆ ನಂಬರ್‍ನೇ ಬದಲಾಯ್ಸ್‌ಬುಟ್ಟವ್ರೆ.’

ನನ್ನ ಕೈಬರಹ. ಮೊದಲನೆಯ ಅಧ್ಯಾಯ, ಮೂರನೆಯ ವಚನ. ಆಕೆಗೆ ಅಕ್ಷರ ಬಾರದು, ಬಸ್ಸಿನ ನಂಬರಿನಿಂದ ಅಂಕಿ ಗೊತ್ತು. ಅಡಿಗೆಮನೆಯ ಬಾಗಿಲಲ್ಲಿ ಅಮ್ಮ ಲೋಟ ಹಿಡಿದು ನಿಂತಿದ್ದಳು. ನಿಜ ಹೇಳಿದರೆ ಅದು ಕೆಳಗೆ ಲೋಕೇಶನಿಗೆ ಗೊತ್ತಾಗುತ್ತದೆ. ಅವನಿಗೆ ಗೊತ್ತಾದರೆ ಮುಂದಿನದನ್ನು ಎರಡು ಬೀದಿ ಆಚೆ ನೋಡಿದ್ದೆವು.

‘ಕೇಬಲ್‌ನೋರದ್ದು ಅಜ್ಜಿ’ ಎಂದೆ.

ಆಕೆ ಗೂಟವನ್ನು ಮೂಸಿದಳು. ‘ಕೇಬಲ್ ಗೂಟಕ್ಕೆ ಕೊಬ್ರಿ ಎಣ್ಣೆ ಯಾಕ್ ಹಚ್ಚವ್ರೆ?’

‘ಗೆದ್ದಲು ಹಿಡೀಬಾರ್ದು ಅಂತ.’

‘ಬುದ್ಧಿವಂತ್ರು’ ಎಂದಳು. ನಂಬಿದಳೋ ಇಲ್ಲವೋ. ‘ಆದ್ರೆ ಒಬ್ಳು ಹೆಂಗ್ಸು ನೋಟೀಸು ಓದುದ್ಲು ಕಣವ್ವ. ನಾನೇ ಕೇಳಿಸ್ಕಂಡೆ. ನಿನ್ ಗಂಟ್ಲಂಗೇ ಇತ್ತು.’

‘ನಾನು ಮಲ್ಗಿದ್ದೆ ಅಜ್ಜಿ.’

ಆಕೆ ಇಳಿದುಹೋದ ಮೇಲೆ ಅಮ್ಮ ಕೇಳಿದ್ದು ಒಂದೇ: ‘ಗೂಟ ಕಿತ್ತುಬಿಟ್ಟರೇನೇ? ಕಿತ್ತರೆ ಹೋದ ದೆವ್ವ ಏಳರಷ್ಟಾಗಿ ವಾಪಸ್ ಬರುತ್ತೆ ಅಂತ ಪ್ರವಾದಿ ಅಂಕಲ್ ಹೇಳಿರಲಿಲ್ವಾ?’ ನನಗೆ ಲೋಕೇಶನ ಭಯ, ಅಮ್ಮನಿಗೆ ದೆವ್ವದ ಭಯ, ಕೆಳಗೆ ಆಕೆಗೆ ಸರ್ಕಾರದ ಭಯ. ಗೂಟ ನಮ್ಮ ಟೀಪಾಯಿಯ ಮೇಲೆ ಎಣ್ಣೆಯ ಕಲೆ ಮಾಡಿಕೊಂಡು ಬಿದ್ದಿತ್ತು.

ಮರುದಿನದಿಂದ ಪುಟ್ಟತಾಯಮ್ಮ ಹೊಲದಲ್ಲಿ ಕೂತಳು. ಪ್ಲಾಸ್ಟಿಕ್ ಕುರ್ಚಿ, ತೊಡೆಯ ಮೇಲೆ ಕಾಗದದ ಚೀಲ, ತಲೆಗೆ ಟವೆಲು. ಬೆಳಕು ಹರಿಯುವ ಮೊದಲೇ ಬಂದು ಕೂತರೆ ಕತ್ತಲಾದ ಮೇಲೇ ಏಳುವುದು. ಯಾರೂ ಇಲ್ಲದಾಗ ಬಂದು ತಗೊಂಡುಬಿಡುತ್ತಾರೆ ಎಂಬುದು ಆಕೆಯ ಲೆಕ್ಕ. ಹಿಂದಿನ ಸಲ ಹಾಗೇ ಆಯಿತಂತೆ, ಆಕೆ ಮಗಳ ಬಾಣಂತನಕ್ಕೆ ಹೋಗಿದ್ದಾಗ. ಊಟ ಅಲ್ಲಿಗೇ ತಂದುಕೊಡಬೇಕು. ತಂದದ್ದರಲ್ಲಿ ಅರ್ಧ ಹಾಗೇ ಉಳಿಯುತ್ತಿತ್ತು. ಆ ವರ್ಷದ ಚಳಿ ನಿಮಗೂ ನೆನಪಿರಬಹುದು, ಅಥವಾ ನನಗೆ ಮಾತ್ರ ಅದು ಅಷ್ಟು ಚಳಿಯೋ. ಆಕೆಯ ಕೆಮ್ಮು ಮೇಲಿನ ಪೋರ್ಷನ್ನಿಗೆ ಕೇಳುತ್ತಿತ್ತು. ಅಡಿಗೆಮನೆಯ ಕಿಟಕಿಯಿಂದ ನೋಡಿದರೆ ನೇರ ಕೆಳಗೆ ಆಕೆಯ ಟವೆಲು.

ನಾಲ್ಕನೆಯ ದಿನವೋ ಐದನೆಯ ದಿನವೋ ಲೋಕೇಶ ಬಾಗಿಲು ತಟ್ಟಿದ. ಟಿವಿ ಆರಿಸಲೋ ಜಾಸ್ತಿ ಮಾಡಲೋ ತಿಳಿಯದೆ ರಿಮೋಟು ಹಿಡಿದೇ ಬಾಗಿಲು ತೆರೆದೆ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ನೆಲದ ಮೇಲೇ ಕೂತ.

‘ಅಕ್ಕ, ಒಂದು ಅರ್ಜಿ ಬರ್ಕೊಡಿ. ಸ್ವಾಧೀನಕ್ಕೆ ನಮ್ಮ ತಕರಾರಿದೆ ಅಂತ. ಆಫೀಸಲ್ಲಿ ವಿಚಾರಿಸ್ದೆ, ಅಂಥದ್ದೇನೂ ಇಲ್ಲ ಅಂತಾರೆ. ಅಜ್ಜಿಗೆ ಹೇಳಿದ್ರೆ, ಹೋದ್ಸಲನೂ ಹಂಗೇ ಅಂದಿದ್ರು ಅಂತಾರೆ. ಅರ್ಜಿ ಹಾಕಿದ್ರೆ ಸಮಾಧಾನ ಆಗ್ಬೋದು. ನಿಮ್ಮನ್ನ ನಂಬ್ತಾರೆ ಅಜ್ಜಿ.’

‘ಬರೀತೀನಿ ಲೋಕೇಶ್.’

‘ಯಾವನ್ ಬಂದು ಗೂಟ ಹೊಡ್ದನೋ, ಒಂದ್ಸಲ ಸಿಗ್ಲಿ ಅಕ್ಕ. ಅಜ್ಜಿ ಊಟ ಬಿಟ್ಬಿಟ್ಟವ್ರೆ.’ ನಾನು ಅವನ ಕೈಗಳನ್ನೇ ನೋಡುತ್ತಿದ್ದೆ. ಬಾಗಿಲು ಬಡಿದ ಕೈಗಳು ಹೌದೋ ಅಲ್ಲವೋ, ನೋಡಿದರೆ ತಿಳಿಯುವಂತಿರಲಿಲ್ಲ.

ನಾನೇ ಹೊರಡಿಸಿದ ಸ್ವಾಧೀನಕ್ಕೆ ನಾನೇ ತಕರಾರು ಅರ್ಜಿ ಟೈಪ್ ಮಾಡಿದೆ. ‘ಇವರಿಗೆ’ ಎಂದು ಶುರುಮಾಡಿ, ಯಾರಿಗೆ ಎಂಬಲ್ಲಿ ಬೆರಳು ನಿಂತಿತು. ಕೊನೆಗೆ ‘ಸಂಬಂಧಪಟ್ಟ ಅಧಿಕಾರಿಗಳಿಗೆ’ ಎಂದು ಹಾಕಿದೆ. ಪುಟ್ಟತಾಯಮ್ಮ ಹೆಬ್ಬೆಟ್ಟು ಒತ್ತಿದಳು, ಅದರ ನಕಲನ್ನೂ ಚೀಲಕ್ಕೆ ಸೇರಿಸಿದಳು, ಮತ್ತೆ ಕುರ್ಚಿಯಲ್ಲಿ ಕೂತಳು. ಏನೂ ಬದಲಾಗಲಿಲ್ಲ. ಕೆಮ್ಮು ಬದಲಾಯಿತು, ಒಳಗಿನಿಂದ ಬರತೊಡಗಿತು.

ಪಾಸ್ಟರಿಗೆ ಫೋನ್ ಮಾಡಿದೆ. ಅವರೂ ಹೆದರಿದ್ದರು. ‘ಸದ್ಯ ಏನೂ ಹೇಳಬೇಡಿ ಸಿಸ್ಟರ್. ಆ ಅಮ್ಮನಿಗೋಸ್ಕರ ಪ್ರಾರ್ಥನೆ ಮಾಡೋಣ’ ಎಂದರು. ಪ್ರಾರ್ಥನೆ ಮಾಡಿದೆವು. ಪ್ರಾರ್ಥನೆಯ ನಡುವೆಯೂ ಕೆಮ್ಮು ಕೇಳಿಸಿತು.

ಒಂದು ದಿನ, ಬಿಸಿಲೇರಿದ ಮೇಲೆ, ಲೋಟದಲ್ಲಿ ರಾಗಿ ಗಂಜಿ ಹಿಡಿದು ಇಳಿದುಹೋದೆ. ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ತಿದ್ದಿದ್ದೇನೋ ಗೊತ್ತಿಲ್ಲ. ಗಂಜಿಯಲ್ಲ, ಕಾಫ಼ಿ ಎನ್ನುತ್ತಾಳೆ ಅಮ್ಮ. ಎದುರಿನ ಟೀ ಅಂಗಡಿಯಲ್ಲಿ ಲೋಕೇಶನೂ ಮೂವರು ಗೆಳೆಯರೂ ನಿಂತಿದ್ದರೆಂಬುದು ಮಾತ್ರ ಖಂಡಿತ. ಅವರ ಬೆನ್ನು ನಮ್ಮ ಕಡೆಗಿತ್ತು. ಮೇಲೆ ಬಾಲ್ಕನಿಯಲ್ಲಿ ಅಮ್ಮ.

‘ಅಜ್ಜಿ, ಆವತ್ತು ಕೂಗಿದ್ದು ನಾನೇ’ ಎಂದೆ.

ಆಕೆ ತಿರುಗಲಿಲ್ಲ. ‘ಗೊತ್ತು ಕಣವ್ವ. ಹನ್ನೊಂದು ವರ್ಸ ಮನೇಲಿ ಮಡೀಕಂಡಿರೋಳ ಗಂಟ್ಲು ಗೊತ್ತಾಗಲ್ವಾ?’ ಗಂಜಿ ಕುಡಿಯದೆ ಕೇಳಿದಳು: ‘ಗೌರ್ಮೆಂಟ್ ಕೆಲ್ಸ ಸಿಕ್ತಾ?’

‘ಇಲ್ಲ ಅಜ್ಜಿ. ಅದು ಸರ್ಕಾರದ್ದಲ್ಲ. ಪ್ರಾರ್ಥನೆ.’

‘ಯಾರ್ ಹೆಸ್ರಿಗ್ ಮಾಡುದ್ರಿ?’

ಸಾವಿರ ಸಲ ಪ್ರಾರ್ಥನೆ ಮುಗಿಸಿದ ಮಾತು, ಯೋಚಿಸುವ ಮೊದಲೇ ಬಂದುಬಿಟ್ಟಿತು. ‘ಯೇಸುವಿನ ಹೆಸರಿನಲ್ಲಿ.’

‘ಎಲ್ಲವ್ನೆ ಆವಪ್ಪ?’

‘ಮೇಲೆ, ಅಜ್ಜಿ.’

‘ಮೇಲಿರೋನ್ಗೆ ಕೆಳ್ಗಡೆ ಅರ್ಧ ಗುಂಟೆ ಯಾತಕ್ಕವ್ವ?’

ಆಕೆ ಅಪಹಾಸ್ಯ ಮಾಡಲಿಲ್ಲ, ನಿಜವಾಗಿ ಕೇಳಿದಳು. ಆಮೇಲೆ ನನ್ನ ಮುಂಗೈ ಹಿಡಿದಳು. ಬಿಸಿಲಿನಲ್ಲಿ ಕೂತವಳ ಕೈ ಅದು, ತಣ್ಣಗಿತ್ತು.

‘ಬುಡ್ಸು.’

‘ಬಿಡಿಸ್ತೀನಿ ಅಜ್ಜಿ. ಇವತ್ತೇ ಪ್ರಾರ್ಥನೆ ಮಾಡಿ...’

‘ಹಂಗಲ್ಲ. ಆವತ್ ಕೂಗ್ದಲ್ಲ, ಹಂಗೇ ಕೂಗು. ಕೂಗಿ ತಗಂಡಿದ್ದನ್ನ ಕೂಗೇ ಬುಡ್ಬೇಕು. ಈಗ್ಲೇ.’

ಟೀ ಅಂಗಡಿ ಹದಿನೈದು ಹೆಜ್ಜೆ. ಕೂಗಿದರೆ ನಾಲ್ಕು ಬೆನ್ನುಗಳೂ ತಿರುಗುತ್ತವೆ. ನಾನು ಆಕೆಯ ಕಿವಿಯ ಹತ್ತಿರ ಬಗ್ಗಿದೆ. ‘ಈ ಭೂಮಿ ಪುಟ್ಟತಾಯಮ್ಮನವರದು’ ಎಂದೆ. ‘ಯಾವ ಸ್ವಾಧೀನವೂ ಇಲ್ಲ.’

‘ಕೇಳುಸ್ನಿಲ್ಲ’ ಎಂದಳು.

ಮತ್ತೆ ಹೇಳಿದೆ. ಸ್ವಲ್ಪ ಗಟ್ಟಿಯಾಗಿ. ಟೀ ಲೋಟ ಹಿಡಿದೇ ಲೋಕೇಶ ತಿರುಗಿದ. ‘ಏನಕ್ಕಾ?’

‘ಏನಿಲ್ಲ ಲೋಕೇಶ್. ಅಜ್ಜೀನ ಊಟಕ್ಕೆ ಕರೀತಿದ್ದೆ.’

ಪುಟ್ಟತಾಯಮ್ಮ ನನ್ನನ್ನು ನೋಡಿದಳು. ಮುಂಗೈ ಬಿಟ್ಟಳು. ಕುರ್ಚಿಯ ತೋಳು ಹಿಡಿದು ಎದ್ದು, ಚೀಲವನ್ನು ಕಂಕುಳಿಗೆ ಸೇರಿಸಿ, ಗಂಜಿಯ ಲೋಟವನ್ನೂ ತೆಗೆದುಕೊಂಡು ಮನೆಯೊಳಗೆ ಹೋದಳು. ಆಮೇಲೆ ಆಕೆ ಹೊಲದಲ್ಲಿ ಕೂರಲಿಲ್ಲ. ಹತ್ತು ದಿನಕ್ಕೆ ಕೆಂಗೇರಿಯ ಮಗಳು ಬಂದು ಕರೆದುಕೊಂಡು ಹೋದಳು. ನಾವು ಮನೆ ಬದಲಾಯಿಸಿದೆವು; ಯಾರೂ ಹೋಗೆನ್ನಲಿಲ್ಲ, ನಾವೇ ಹೋದೆವು. ಯುಗಾದಿಗೆ ಮೊದಲು ಲೋಕೇಶನ ಫೋನ್ ಬಂತು. ‘ಅಕ್ಕ, ಅಜ್ಜಿ ಹೋಗ್ಬಿಟ್ರು’ ಎಂದ. ಆಕೆ ಅವನಿಗೆ ಏನಾದರೂ ಹೇಳಿದ್ದಳೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ, ಈಗಲೂ ಇಲ್ಲ.

‘ನೀನು ಕೂಗಿದ್ದು ನನಗೆ ಬಾಲ್ಕನಿಗೆ ಚೆನ್ನಾಗಿ ಕೇಳಿಸ್ತು ಕಣೇ’ ಎನ್ನುತ್ತಾಳೆ ಅಮ್ಮ. ಅಮ್ಮನಿಗೆ ಕೇಳಿಸಿದ್ದರೆ ಪಕ್ಕದಲ್ಲೇ ಇದ್ದವಳಿಗೂ ಕೇಳಿಸಿರಬೇಕು. ಹಾಗಿದ್ದರೆ ಕೇಳಿಸಲಿಲ್ಲ ಎಂದದ್ದೇಕೆ? ಅಥವಾ ಅಮ್ಮ ನನ್ನ ಸಮಾಧಾನಕ್ಕೆ ಹೇಳುತ್ತಿರಬಹುದು. ತನ್ನ ನೆಲ ತನಗೆ ವಾಪಸ್ ಬಂತೆಂದು ಆಕೆ ಒಳಗೆ ಹೋದಳೋ, ಇವಳಿಂದ ಅದು ಆಗುವುದಿಲ್ಲ ಎಂದು ಬಿಟ್ಟು ಹೋದಳೋ, ನನಗೆ ಗೊತ್ತಿಲ್ಲ.